ಹಿಂದಿನ ಸೀಟಿನ ಪ್ರಶ್ನೆಗಳು

ಶಾಲೆಯ ಹಿಂದಿನ ಬಯಲಿನಲ್ಲಿ ಸಾಲಾಗಿ ನಿಂತಿದ್ದ ಗಾಡಿಗಳ ನಡುವೆ ತನ್ನದನ್ನೂ ನಿಲ್ಲಿಸಿ, ಕೀಲಿ ತಿರುಗಿಸಿ, ಎಂಜಿನ್ನಿನ ಸದ್ದು ಅಡಗಿದ ಮೇಲೂ ಡ್ರೈವರ್ ಸ್ಟೀರಿಂಗ್ ಬಿಡಲಿಲ್ಲ. ಅಮ್ಮಾವ್ರು ಮಗನ ಕೈ ಹಿಡಿದು ಮುಂಬಾಗಿಲಲ್ಲೇ ಇಳಿದು ಹೋಗಿದ್ದರು. ಇಂದು ಪೋಷಕರ ಸಭೆ. ನಿನ್ನೆ ಸಂಜೆಯೇ ಅಮ್ಮಾವ್ರು, "ನೀವೂ ಟೀಚರನ್ನ ನೋಡ್ಕೊಂಡು ಬನ್ನಿ, ಗುಬ್ಬಿ ವಿಷಯ ಏನೋ ಮಾತಾಡ್ಬೇಕಂತೆ" ಎಂದಿದ್ದರು. 'ಏನೋ' ಎನ್ನುವ ಆ ಒಂದು ಪದ ಆಗಿನಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಅವನನ್ನು ಕಾಡುತ್ತಿತ್ತು. ಪಕ್ಕದ ಸೀಟಿನಲ್ಲಿ ಅವನ ಮಗಳು ಗುಬ್ಬಿ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು. ಹೆಂಡತಿ ಬರುವಾಗ ಚೀಲದಲ್ಲಿ ಚೌಕಳಿ ಶರ್ಟು ಇಟ್ಟಿದ್ದಳು. "ರೀ, ಆ ಬಿಳಿ ಯೂನಿಫಾರ್ಮಲ್ಲಿ ಹೋಗ್ಬೇಡಿ. ಮಗು ಅಪ್ಪ ಆಗಿ ಹೋಗಿ." ಅವಳು ಹೇಳಿದ್ದು ಸರಿಯೇ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಬಿಳಿ ಶರ್ಟಿನ ಗುಂಡಿ ಬಿಚ್ಚತೊಡಗಿದ. ಮೂರನೆಯ ಗುಂಡಿಗೆ ಬರುವಷ್ಟರಲ್ಲಿ ಕಾವಲುಗಾರ ಬಂದು ಗಾಜಿನ ಮೇಲೆ ಬೆರಳಿನಿಂದ ಬಡಿದ. "ಏಯ್, ಸ್ವಲ್ಪ ಹಿಂದಕ್ಕೆ ತಗೋ, ದೊಡ್ಡ ಗಾಡಿ ಬರ್ತಿದೆ." ಎದೆ ತೆರೆದುಕೊಂಡೇ ಗಾಡಿ ಹಿಂದಕ್ಕೆ ತೆಗೆದ. ಕಾವಲುಗಾರ ಒಳಗೆ ಬಗ್ಗಿ ನೋಡಿ ನಕ್ಕ. ಡ್ರೈವರ್ ಮತ್ತೆ ಬಿಳಿ ಶರ್ಟಿನ ಗುಂಡಿಯನ್ನೇ ಒಂದೊಂದಾಗಿ ಹಾಕಿಕೊಂಡ. ಗುಬ್ಬಿ ಎಲ್ಲವನ್ನೂ ನೋಡಿದಳು, ಏನೂ ಕೇಳಲಿಲ್ಲ. ಕೇಳುವ ಮಗುವಾಗಿದ್ದರೆ ಇಂದು ಈ ಗೋಳೇ ಇರುತ್ತಿರಲಿಲ್ಲ ಎಂದುಕೊಂಡ.

ಕೇಳದಂತೆ ಮಾಡಿದವರು ಯಾರು? ಈ ಪ್ರಶ್ನೆ ಬಂದಾಗಲೆಲ್ಲ ಅವನು ರಸ್ತೆಯ ಕಡೆ ನೋಡುತ್ತಾನೆ. ಈಗ ನೋಡಲು ರಸ್ತೆಯೂ ಇರಲಿಲ್ಲ, ಎದುರಿಗೆ ಒಂದು ಸುಣ್ಣದ ಗೋಡೆ. ಡ್ರೈವರನ ಕೆಲಸ ಕಣ್ಣು ಮತ್ತು ಕಾಲಿನದು, ಬಾಯಿಯದಲ್ಲ. ಹಿಂದಿನ ಸೀಟಿನಲ್ಲಿ ಗಂಡ ಹೆಂಡಿರು ಜಗಳವಾಡಲಿ, ಫೋನಿನಲ್ಲಿ ಯಾರನ್ನಾದರೂ ಬೈಯಲಿ, ಅಳಲಿ, ಅವನ ಕಿವಿ ಹಾರ್ನು ಕೇಳಲು ಮಾತ್ರ ಇರುವುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವನಿಗೆ ಈ ಕೆಲಸ ಕಲಿಸಿದ ಹಿರಿಯ ಡ್ರೈವರ್ ಹೇಳುತ್ತಿದ್ದ. ಆ ಹಿರಿಯ ತನ್ನ ಯಜಮಾನರ ಎಷ್ಟು ಗುಟ್ಟುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಸತ್ತನೋ ಬಲ್ಲವರಿಲ್ಲ. ಅಂಥ ವಿದ್ಯೆಯನ್ನು ಕಲಿತವನಿಗೆ, ಅಮ್ಮಾವ್ರು ಮೊದಲ ಸಲ ಮಗನನ್ನು ಶಾಲೆಗೆ ಕರೆದೊಯ್ಯುವಾಗ ಕೇಳತೊಡಗಿದ ಪ್ರಶ್ನೆಗಳು ವಿಚಿತ್ರವಾಗಿ ಕಂಡಿದ್ದವು. "ಆ ಹಕ್ಕಿ ಯಾವ ಬಣ್ಣ, ಚಿನ್ನಾ?" "ಏಳೆಂಟ್ಲ ಎಷ್ಟು?" "ನದಿ ಎಲ್ಲಿಗೆ ಹೋಗಿ ಸೇರುತ್ತೆ?" ಇಷ್ಟು ಓದಿದ ಹೆಂಗಸಿಗೆ ಏಳೆಂಟ್ಲ ಗೊತ್ತಿಲ್ಲವೇ ಎಂದು ಅವನಿಗೆ ನಿಜವಾಗಿಯೂ ಕನಿಕರವಾಗಿತ್ತು. ಹಕ್ಕಿ ಕಣ್ಣೆದುರೇ ಕೂತಿದೆ, ಬಣ್ಣ ಕಾಣುವುದಿಲ್ಲವೇ? ಗೊತ್ತಿದ್ದೇ ಕೇಳುತ್ತಾರೆ, ಕೇಳಿ ಮಗ ಹೇಳಿದ್ದಕ್ಕೆ ಕೈ ಚಪ್ಪಾಳೆ ತಟ್ಟುತ್ತಾರೆ, ಅದೊಂದು ಆಟ ಎಂದು ತಿಳಿಯಲು ಅವನಿಗೆ ವಾರಗಟ್ಟಲೆ ಹಿಡಿಯಿತು. ಅವನ ಮನೆಯಲ್ಲಿ ಪ್ರಶ್ನೆ ಎಂದರೆ ಬೆಂಕಿಪೊಟ್ಟಣ ಎಲ್ಲಿದೆ, ನೀರು ಬಂತಾ, ಬಸ್ಸು ಹೋಯ್ತಾ. ಗೊತ್ತಿಲ್ಲದವರು ಕೇಳುತ್ತಾರೆ, ಗೊತ್ತಿದ್ದವರು ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಸಣ್ಣ ಸಾಹೇಬನಂತೂ (ಮನಸ್ಸಿನಲ್ಲಿ ಆ ಹುಡುಗನಿಗೆ ಅವನಿಟ್ಟ ಹೆಸರು ಅದು) ತಪ್ಪು ಹೇಳಿದರೂ ಗಟ್ಟಿಯಾಗಿ ಹೇಳುತ್ತಿದ್ದ. ನದಿ ಟ್ಯಾಂಕಿಗೆ ಹೋಗುತ್ತೆ ಎಂದಿದ್ದ ಒಮ್ಮೆ. ಅಮ್ಮಾವ್ರು ನಕ್ಕು ಅವನ ಕೆನ್ನೆ ಹಿಂಡಿ, "ಎಷ್ಟು ಚೆನ್ನಾಗಿ ಯೋಚನೆ ಮಾಡಿದೀಯ!" ಎಂದಿದ್ದರು. ತಪ್ಪಿಗೂ ಶಹಬಾಸ್ ಸಿಗುತ್ತದೆ ಎನ್ನುವುದು ಡ್ರೈವರನಿಗೆ ಅಂದೇ ಗೊತ್ತಾದದ್ದು.

ಗುಬ್ಬಿಗೆ ಈ ಶಾಲೆಯಲ್ಲಿ ಸೀಟು ಸಿಕ್ಕಿದ್ದು ಅಮ್ಮಾವ್ರ ಒಂದು ಮಾತಿನಿಂದ. ಅಂದಿನಿಂದ ಮುಂದಿನ ಎಡ ಸೀಟು ಅವಳದಾಯಿತು. "ಹೇಗೂ ಅದೇ ಶಾಲೆ, ಅದೇ ಕ್ಲಾಸು, ಜೊತೆಗೇ ಬರಲಿ ಬಿಡಿ" ಎಂದಿದ್ದರು ಅಮ್ಮಾವ್ರು. ಒಳ್ಳೆಯ ಹೆಂಗಸು, ಕೆಟ್ಟವರಾಗಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಶಾಲೆ ಸೇರಿದ ಹೊಸತರಲ್ಲೇ ಅದು ನಡೆದದ್ದು. ಸಿಗ್ನಲ್ಲಿನಲ್ಲಿ ಗಾಡಿ ನಿಂತಿತ್ತು. ಅಮ್ಮಾವ್ರು ಹಿಂದಿನಿಂದ, "ಜೇಡಕ್ಕೆ ಎಷ್ಟು ಕಾಲು?" ಎಂದರು. ಹುಡುಗ ಆರು ಎಂದ, ಅಲ್ಲ ಹತ್ತು ಎಂದ. ಮುಂದಿನ ಸೀಟಿನಿಂದ ಗುಬ್ಬಿ ತಿರುಗದೆಯೇ, "ಎಂಟು" ಎಂದಳು.  ಡ್ರೈವರ್ ತಟ್ಟನೆ ಕನ್ನಡಿಯಲ್ಲಿ ಅಮ್ಮಾವ್ರ ಮುಖ ನೋಡಿದ. ಏನು ಕಂಡನೋ ಇವತ್ತಿಗೂ ಅವನಿಗೆ ಖಚಿತವಿಲ್ಲ. ಹುಬ್ಬು ಗಂಟಿಕ್ಕಿದಂತಿತ್ತು, ಅಥವಾ ಬಿಸಿಲು ಕಣ್ಣಿಗೆ ಬಿದ್ದಿರಬಹುದು. ಆಮೇಲೆ ಅಮ್ಮಾವ್ರು "ಅರೆ, ಜಾಣೆ!" ಎಂದದ್ದೂ ನಿಜ. ಆದರೆ ಅವನ ಬೆನ್ನು ಆಗಲೇ ಬೆವೆತಿತ್ತು. ಹತ್ತಿದ ಏಣಿಯನ್ನೇ ಒದೆಯುವ ಜಾತಿ ಎಂದುಕೊಂಡುಬಿಟ್ಟರೆ? ಸಂಜೆ ಮನೆಗೆ ನಡೆದು ಹೋಗುವಾಗ ಗುಬ್ಬಿಯನ್ನು ಒಂದು ಮರದ ಕೆಳಗೆ ನಿಲ್ಲಿಸಿ, ಬಗ್ಗಿ, ಅವಳ ಭುಜ ಹಿಡಿದು, "ಅವರು ಕೇಳಿದ್ದು ನಿನ್ನನ್ನಲ್ಲ. ಕೇಳದೆ ಬಾಯಿ ಹಾಕ್ಬಾರ್ದು. ಗಾಡೀಲಿ ಮಾತೇ ಆಡ್ಬಾರ್ದು. ತಿಳೀತಾ?" ಎಂದ. ಬೈದಿರಲಿಲ್ಲ, ದನಿ ಎತ್ತಿರಲಿಲ್ಲ. ಅವಳು ತಲೆಯಾಡಿಸಿದಳು. ಹೇಳಿದ್ದನ್ನು ಒಂದೇ ಸಲಕ್ಕೆ ಕಲಿಯುವ ಮಗು ಅದು. ಮರುದಿನದಿಂದ ಗಾಡಿಯ ಮುಂದಿನ ಸೀಟಿನಲ್ಲಿ ಇಬ್ಬರು ಡ್ರೈವರುಗಳಿದ್ದಂತಾಯಿತು.

"ಬಾ" ಎಂದು ಅವಳನ್ನು ಇಳಿಸಿಕೊಂಡು ಒಳಗೆ ನಡೆದ. ಉದ್ದನೆಯ ನಡುಮನೆಯಂಥ ಪಡಸಾಲೆ, ನೆಲ ಆಗತಾನೇ ಒರೆಸಿದ್ದರಿಂದ ಅವನ ಚಪ್ಪಲಿಯ ಅಚ್ಚು ಮೂಡುತ್ತಿತ್ತು. ಹಿಂದಿರುಗಿ ನೋಡಿ ನಾಚಿ ಗೋಡೆಯ ಅಂಚಿನಲ್ಲೇ ನಡೆದ. ಬಾಗಿಲುಗಳ ಹೊರಗೆ ಅಪ್ಪಂದಿರು ಅಮ್ಮಂದಿರು ಗುಂಪುಗುಂಪಾಗಿ ನಿಂತು ಜೋರಾಗಿ ಮಾತಾಡುತ್ತಿದ್ದರು. ತಮ್ಮ ಸ್ವಂತ ಮನೆಯ ಅಂಗಳದಲ್ಲಿ ನಿಂತವರಂತೆ. ಒಬ್ಬಾತ ಟೀಚರನ್ನೇ ಅಡ್ಡಗಟ್ಟಿ, "ನನ್ನ ಮಗಳಿಗೆ ಅರ್ಧ ಮಾರ್ಕು ಯಾಕೆ ಕಟ್ ಮಾಡಿದ್ರಿ ಹೇಳಿ" ಎಂದು ವಾದಿಸುತ್ತಿದ್ದ, ಟೀಚರ್ ಸಮಜಾಯಿಷಿ ಕೊಡುತ್ತಿದ್ದರು. ಅರ್ಧ ಮಾರ್ಕಿಗೆ ಜಗಳವಾಡಬಹುದು ಎನ್ನುವುದು ಡ್ರೈವರನ ಕಲ್ಪನೆಯಲ್ಲೂ ಇರಲಿಲ್ಲ. ಟೀಚರ್ ಕೊಟ್ಟದ್ದು ಎಂದರೆ ಮಳೆ ಬಿಸಿಲಿನಂತೆ, ಬಂದಷ್ಟು ಬಂತು. ಗುಬ್ಬಿಯ ಕ್ಲಾಸಿನ ಬಾಗಿಲಲ್ಲಿ ಅವನು ನಿಂತಾಗ ಒಳಗಿದ್ದ ಟೀಚರ್ ತಲೆಯೆತ್ತಿ ಅವನ ಬಿಳಿ ಶರ್ಟು ನೋಡಿ, "ಮೇಡಂ ಈಗಷ್ಟೇ ಆ ಕಡೆ ಹೋದ್ರಲ್ಲ, ಸಂಗೀತದ ಟೀಚರ್ ಹತ್ರ" ಎಂದರು.  ಟೀಚರಿನ ಕಣ್ಣು ಅವನ ಮೊಣಕೈಯ ಕೆಳಗೆ ಇಳಿದು ಗುಬ್ಬಿಯ ಮೇಲೆ ಬಿತ್ತು. "ಓ! ಸಾರಿ, ಸಾರಿ. ಬನ್ನಿ, ಕೂತ್ಕೊಳ್ಳಿ." ಪರವಾಗಿಲ್ಲ ಮೇಡಂ ಎಂದ. ಪರವಾಗಿಲ್ಲ ಎನ್ನುವುದು ಅವನ ನಾಲಗೆಗೆ ಉಸಿರಿನಷ್ಟೇ ಅಭ್ಯಾಸ.

ಕುರ್ಚಿ ಮಕ್ಕಳದು, ಗಿಡ್ಡ. ಕುಳಿತರೆ ಮಂಡಿ ಎದೆಗೆ ಬರುತ್ತಿತ್ತು. ಟೀಚರ್ ವಯಸ್ಸಿನಲ್ಲಿ ಚಿಕ್ಕವರು, ಮುಖದಲ್ಲಿ ದಣಿವಿತ್ತು, ಕೆಟ್ಟತನವಿರಲಿಲ್ಲ. "ನೋಡಿ, ಬರೆಯೋದ್ರಲ್ಲಿ ಮೊದಲು ಚೆನ್ನಾಗೇ ಇದ್ಲು. ಆದ್ರೆ ಬಾಯೇ ಬಿಡಲ್ಲ. ನಾನು ಕೇಳಿದ್ರೆ ನನ್ನ ಮುಖ ನೋಡ್ತಾಳೆ. ಅರ್ಥ ಆಗ್ದೆ ಇದ್ರೂ ಕೇಳಲ್ಲ. ಬೇರೆ ಮಕ್ಕಳು ಮೇಜಿನ ಹತ್ರ ಬಂದು ಪ್ರಾಣ ತಿಂತಾರೆ, ಇದು ಹೇಗೆ ಮಿಸ್, ಅದು ಹೇಗೆ ಮಿಸ್ ಅಂತ. ಇವಳು ಕೂತಲ್ಲೇ ಕೂತಿರ್ತಾಳೆ. ಒಂದು ಕಡೆ ತಪ್ಪಿದ್ರೆ ಮುಂದಿಂದೂ ತಪ್ಪುತ್ತಲ್ವಾ? ಹಾಗೇ ಹಿಂದೆ ಬೀಳ್ತಿದಾಳೆ. ಮನೇಲಿ ಯಾರಾದ್ರೂ ಮಾತಾಡ್ಬೇಡ ಅಂತಾರಾ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನ ಕೈ ತಾನಾಗಿಯೇ ಕಾಲರಿಗೆ ಹೋಯಿತು. "ಇಲ್ಲ ಮೇಡಂ" ಎಂದ. ಟೀಚರ್ ಮುಂದುವರಿಸಿದರು: ಮುಂದಿನ ವರ್ಷದಿಂದ ಇವಳನ್ನು 'ಸಿ' ಸೆಕ್ಷನ್ನಿಗೆ ಹಾಕೋಣ ಅಂತಿದ್ದೀವಿ, ಅಲ್ಲಿ ನಿಧಾನವಾಗಿ ಹೇಳಿಕೊಡುತ್ತಾರೆ, ಒತ್ತಡ ಇರಲ್ಲ, ಅವಳಿಗೂ ಆರಾಮ. ನೀವೇನಾದ್ರೂ ಹೇಳೋದಿದ್ರೆ ಈಗಲೇ ಹೇಳಿ, ಇವತ್ತು ಸಂಜೆ ನಾವೆಲ್ಲ ಕೂತು ತೀರ್ಮಾನ ಮಾಡ್ತೀವಿ.

'ಸಿ' ಸೆಕ್ಷನ್ ಎಂದರೇನು ಎಂದು ಬಯಲಿನಲ್ಲಿ ಕಾದು ನಿಲ್ಲುವ ಡ್ರೈವರುಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಶಾಲೆ ಬಿಟ್ಟಾಗ ಪಕ್ಕದ ಮೆಟ್ಟಿಲಿನಿಂದ ಇಳಿಯುವ ಮಕ್ಕಳು ಅವರು; ಅವರನ್ನು ಕರೆದುಕೊಂಡು ಹೋಗಲು ಗಾಡಿ ಬರುವುದಿಲ್ಲ. ತೋಟ ನೋಡಿಕೊಳ್ಳುವವನ ಮಗ, ಆಯಾಳ ಮೊಮ್ಮಗಳು, ಹೀಗೆ ಯಾರದೋ ಒಂದು ಮಾತಿನಿಂದ ಒಳಗೆ ಬಂದವರು, ಒಬ್ಬೊಬ್ಬರಾಗಿ ಆ ಮೆಟ್ಟಿಲಿಗೆ ಹೋಗಿ ಸೇರುತ್ತಿದ್ದರು. ಯಾರೂ ನೂಕಿದವರಿಲ್ಲ. ನೀರು ಇಳಿಜಾರಿಗೆ ಹರಿದ ಹಾಗೆ, ಅಷ್ಟೇ. ಅಲ್ಲಿಂದ ಮೇಲೆ ಬಂದ ಮಗುವನ್ನು ಅವನು ಒಂದನ್ನೂ ನೋಡಿರಲಿಲ್ಲ. ಡ್ರೈವರ್ ಬಾಯಿ ತೆರೆಯುವ ಮೊದಲೇ ಟೀಚರ್ ಮೇಜಿನ ಮೇಲಿದ್ದ ಭೂಗೋಳವನ್ನು ಮುಂದಕ್ಕೆ ಎಳೆದು, "ನೀವೇ ನೋಡಿ ಬೇಕಾದ್ರೆ. ಪುಟ್ಟೀ, ಹಗಲು ರಾತ್ರಿ ಯಾಕೆ ಆಗುತ್ತೆ, ಹೇಳು?" ಎಂದರು.

ಗುಬ್ಬಿ ಭೂಗೋಳ ನೋಡಿದಳು, ಟೀಚರಿನ ಮುಖ ನೋಡಿದಳು. ಅವಳಿಗೆ ಗೊತ್ತಿದೆ. ಅವಳಿಗೆ ಗೊತ್ತಿದೆ ಎಂದು ಅವನಿಗೆ ಗೊತ್ತಿದೆ. ಮೊನ್ನೆಯಷ್ಟೇ ಸಂಜೆ ಕರೆಂಟು ಹೋಗಿ ಮೂವರೂ ಕತ್ತಲಲ್ಲಿ ಕುಳಿತಿದ್ದಾಗ ಅವನು ಸುಮ್ಮನೆ, ತನಗೇ ಹೇಳಿಕೊಂಡಂತೆ, ಈ ಸೂರ್ಯ ರಾತ್ರಿಯೆಲ್ಲ ಎಲ್ಲಿಗೆ ಹೋಗಿ ಬಿದ್ದಿರುತ್ತಾನೋ ಎಂದಿದ್ದ. ಗುಬ್ಬಿ ಎದ್ದು ಹೋಗಿ ಚೆಂಬು ತಂದಳು, ಅಮ್ಮನ ಕೈಗೆ ಟಾರ್ಚು ಕೊಟ್ಟಳು, ಚೆಂಬಿನ ಹೊಟ್ಟೆಗೆ ಒಂದು ಕುಂಕುಮದ ಚುಕ್ಕಿ ಇಟ್ಟು, "ಇದು ನಮ್ಮನೆ" ಎಂದು ತಿರುಗಿಸಿದಳು. "ನೋಡಪ್ಪ, ಸೂರ್ಯ ಎಲ್ಲೂ ಹೋಗಲ್ಲ. ನಾವೇ ಆ ಕಡೆ ತಿರುಗಿಬಿಡ್ತೀವಿ." ಚುಕ್ಕಿ ಕತ್ತಲಿಗೆ ಹೋಯಿತು, ಮತ್ತೆ ಬೆಳಕಿಗೆ ಬಂತು. ಹೆಂಡತಿ ಬೆರಗಾಗಿ ಟಾರ್ಚು ಅಲ್ಲಾಡಿಸಿದ್ದಕ್ಕೆ, "ಅಮ್ಮ, ಸೂರ್ಯ ನಡುಗಬಾರ್ದು!" ಎಂದು ಗದರಿದ್ದಳು. ಅಷ್ಟು ಮಾತು, ಅಷ್ಟು ನಗು ಆ ಪುಟ್ಟ ಬಾಯಲ್ಲಿತ್ತು. ಈಗ ಅದೇ ಬಾಯಿ ಹೊಲಿದಂತೆ ಮುಚ್ಚಿತ್ತು. ಹೇಳೇ, ಹೇಳು ತಾಯಿ, ಎಂದು ಅವನ ಒಳಗೆಲ್ಲ ಕೂಗುತ್ತಿತ್ತು. ಟೀಚರ್ ಕಾದರು. ನಿಜಕ್ಕೂ ಕಾದರು, ಮೋಸವಿಲ್ಲ. ಆಮೇಲೆ ಅವನ ಕಡೆ ತಿರುಗಿ ನೋಡಿದ ನೋಟದಲ್ಲಿ 'ನೋಡಿದಿರಾ' ಎನ್ನುವುದಿತ್ತು, ಅದೂ ಮರುಕದಿಂದ.

"ಮೇಡಂ, ಹಂಗಲ್ಲ. ಮೊನ್ನೆ ಮನೇಲಿ ಇವಳು..." ಎಂದು ಶುರುಮಾಡಿದ. ಅಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು. ಅಮ್ಮಾವ್ರು. ಎತ್ತದೆ ಇರಬಹುದಿತ್ತು. ಎತ್ತದೆ ಇರಬಹುದು ಎಂಬುದು ಅವನಿಗೆ ಹೊಳೆದದ್ದು ಎತ್ತಿ ಕಿವಿಗಿಟ್ಟುಕೊಂಡು ಎದ್ದು ನಿಂತ ಮೇಲೆ. "ನಮ್ದು ಮುಗೀತು. ಗಾಡಿ ಮುಂದೆ ತರ್ತೀರಾ?" "ಬಂದೆ ಅಮ್ಮಾವ್ರೇ." ಫೋನು ಜೇಬಿಗಿಟ್ಟ. ಟೀಚರ್ ತಾಳ್ಮೆಯಿಂದಲೇ, "ಹೇಳಿ, ಏನೋ ಹೇಳ್ತಿದ್ರಿ" ಎಂದರು. ಏನು ಹೇಳುವುದು? ಚೆಂಬು, ಟಾರ್ಚು? ಇಂಥ ಭೂಗೋಳ ಎದುರಿಗಿಟ್ಟುಕೊಂಡವರ ಮುಂದೆ ಚೆಂಬಿನ ಕಥೆ ಹೇಳಲು ನಾಲಗೆ ಏಳಲಿಲ್ಲ. ಗಾಡೀಲಿ ಮಾತಾಡಬೇಡ ಅಂದವನು ನಾನೇ ಮೇಡಂ ಎನ್ನುವುದೇ? ಅಂದರೆ ಅದು ಅಮ್ಮಾವ್ರ ಕಿವಿಗೆ ಹೋದರೆ, ಅವರ ಮಗನಿಗಿಂತ ನನ್ನ ಮಗಳು ಮೊದಲು ಉತ್ತರ ಹೇಳಿದ್ದೇ ತಪ್ಪಾಯಿತು ಎಂದು ಊರೆಲ್ಲ ಸಾರಿದಂತಾಗುವುದಿಲ್ಲವೇ? ಹೊರಗೆ ಯಾವುದೋ ಗಾಡಿ ಹಾರ್ನು ಹೊಡೆಯಿತು, ಅದು ತನ್ನ ಗಾಡಿ ಅಡ್ಡ ನಿಂತದ್ದಕ್ಕೇ ಇರಬೇಕು ಎನಿಸಿತು. "ಏನಿಲ್ಲ ಮೇಡಂ" ಎಂದ. "ನಿಮಗೆ ಸರಿ ಕಂಡಂಗೆ ಮಾಡಿ." ಹೀಗೆ ಹೇಳಿದ್ದು ವಿನಯ ಎಂದು ಅವನ ನಾಲಗೆ ತಿಳಿದುಕೊಂಡಿತ್ತು. ಪಡಸಾಲೆಗೆ ಬಂದು, ಒರೆಸಿದ ನೆಲದ ಮೇಲೆ ನಡುವೆಯೇ ದಾಪುಗಾಲು ಹಾಕುತ್ತ ಹೋಗುವಾಗ, ಮಗಳನ್ನು ಈಗಷ್ಟೇ ಕೈಯಾರೆ ಆ ಪಕ್ಕದ ಮೆಟ್ಟಿಲಿಗೆ ಕೊಟ್ಟು ಬಂದೆ ಎಂದು ಅವನಿಗೆ ಗೊತ್ತಾಯಿತು. ಪಕ್ಕದಲ್ಲಿ ಗುಬ್ಬಿ ಅವನ ಹೆಜ್ಜೆಗೆ ಓಡೋಡಿ ಬರುತ್ತಿದ್ದಳು. ಅವಳೂ ಕೇಳಿಸಿಕೊಂಡಿದ್ದಾಳೆ ಎನ್ನುವುದು ಹೊಳೆದಾಗ ಅವನಿಗೆ ಅವಳ ಕಡೆ ನೋಡುವ ಧೈರ್ಯ ಬರಲಿಲ್ಲ.

ಗಾಡಿ ಗೇಟು ದಾಟಿ ದೊಡ್ಡ ರಸ್ತೆಗೆ ಬಂತು. ಹಿಂದೆ ಅಮ್ಮಾವ್ರು ಸಂತೋಷದಲ್ಲಿದ್ದರು. ಸಣ್ಣ ಸಾಹೇಬನ ಮಾರ್ಕು ಅಷ್ಟಕ್ಕಷ್ಟೇ, ಆದರೆ ಎಲ್ಲ ಟೀಚರುಗಳೂ ಒಂದೇ ಮಾತು ಹೇಳಿದ್ದರಂತೆ: ಎಂಥಾ ಚುರುಕು ಹುಡುಗ, ಎಷ್ಟು ಪ್ರಶ್ನೆ ಕೇಳ್ತಾನೆ! ಎಲ್ಲವನ್ನೂ ಫೋನಿನಲ್ಲಿ ಗಂಡನಿಗೆ ಹೇಳಿ ಮುಗಿಸಿದ ಮೇಲೆ ಮುಂದಕ್ಕೆ ಬಗ್ಗಿ, "ಗುಬ್ಬಿ ಬಗ್ಗೆ ಏನಂದ್ರು?" ಎಂದರು. ಅವನು ಹೇಳಿದ. ಅಮ್ಮಾವ್ರು ಮುಳ್ಳು ಚುಚ್ಚಿಸಿಕೊಂಡವರಂತೆ "ಅಯ್ಯೋ!" ಎಂದರು. "ಮಾತಾಡಲ್ಲ ಅಂತಾನಾ? ಯಾಕೆ ಪುಟ್ಟಿ, ಯಾಕಮ್ಮ ಮಾತಾಡಲ್ಲ?" ಗುಬ್ಬಿ ಮಂಡಿ ನೋಡಿಕೊಂಡಳು. ಉತ್ತರ ಹೇಳಿದವನು ಹುಡುಗ. ಯಾರನ್ನೇ ಕೇಳಲಿ, ಪ್ರಶ್ನೆ ತನ್ನದೇ ಎಂದು ತಿಳಿದು ಬೆಳೆದವನು. "ಅವಳು ಗಾಡೀಲಿ ಮಾತಾಡ್ಬಾರ್ದಂತೆ ಅಮ್ಮ. ಅವಳಪ್ಪ ಹೇಳಿದಾರಂತೆ. ಗ್ರೌಂಡಲ್ಲಿ ಹೇಳಿದ್ಲು ನಂಗೆ."   ಅಮ್ಮಾವ್ರು ಸಣ್ಣ ದನಿಯಲ್ಲಿ, "ನಾವು ಯಾವತ್ತಾದ್ರೂ ಹಂಗೆ ಅಂದಿದ್ವಾ?" ಎಂದರು. ಅನ್ನಲಿಲ್ಲ. ಅಂದಿರಲೇ ಇಲ್ಲ. ಯಾರೂ ಹಾಕದ ಬೀಗವನ್ನು ತಾನೇ ತಂದು, ತಾನೇ ಹಾಕಿ, ಕೀಲಿ ಕಳೆದುಕೊಂಡಿದ್ದ. ಅವರ ದನಿಯಲ್ಲಿದ್ದದ್ದು ನೋವು, ಮತ್ತು ಆ ನೋವಿಗೂ ಈಗ ಅವನೇ ಸಮಾಧಾನ ಹೇಳಬೇಕಿತ್ತು. "ಇಲ್ಲ ಅಮ್ಮಾವ್ರೇ, ನೀವ್ಯಾಕೆ ಅಂತೀರಾ. ನಾನೇ..." ಎಂದ. ನಾನೇ ಏನು ಎಂದು ಯಾರೂ ಕೇಳಲಿಲ್ಲ. ಅಂಗಡಿಗಳು, ಕಂಬಗಳು, ದಾಟಲು ಕಾದು ನಿಂತ ಜನ ಕಣ್ಣಿಗೆ ಬೀಳುತ್ತಿದ್ದರು, ಒಳಗೆ ಇಳಿಯುತ್ತಿರಲಿಲ್ಲ. ಕನ್ನಡಿಯಲ್ಲಿ ಅಂದು ಕಂಡದ್ದು ಬಿಸಿಲೇ ಇದ್ದಿರಬೇಕು. ಬರೀ ಬಿಸಿಲು.

"ಅಪ್ಪ, ತಿರುವು ಹಿಂದೆ ಹೋಯ್ತು" ಎಂದಳು ಗುಬ್ಬಿ.

ಹೌದು. ವರ್ಷಗಟ್ಟಲೆ ಕಣ್ಣು ಮುಚ್ಚಿಕೊಂಡು ತಿರುಗುತ್ತಿದ್ದ ಎಡತಿರುವು ಹಿಂದೆ ಉಳಿದು, ಗಾಡಿ ಅವನಿಗೆ ಅಷ್ಟೇನೂ ಬಳಕೆಯಿಲ್ಲದ ಕಡೆಗೆ ಓಡುತ್ತಿತ್ತು. "ಮೊದ್ಲೇ ಹೇಳ್ಬಾರ್ದಿತ್ತಾ?" ಎಂದ, ಬೇಕಿದ್ದಕ್ಕಿಂತ ಗಟ್ಟಿಯಾಗಿ. "ನೀನು ಕೇಳಲಿಲ್ಲವಲ್ಲ" ಎಂದಳು. ಸೊಕ್ಕಿನ ಮಾತಲ್ಲ ಅದು, ದೂರೂ ಅಲ್ಲ. ಹಿಂದೆ ಹುಡುಗ ಕಿಸಕ್ಕೆಂದ, ಅಮ್ಮಾವ್ರು ಅವನ ಕೈ ಅದುಮಿದರು. ಡ್ರೈವರನಿಗೆ ಆಗ ಏನಾದರೂ ಮಾಡಲೇಬೇಕೆನಿಸಿತು, ಈಗಲೇ, ಇವರೆದುರಿಗೇ, ಆ ಬೀಗವನ್ನು ಮುರಿದು ಹಾಕಬೇಕೆನಿಸಿತು. ಅಮ್ಮಾವ್ರು ಮಗನನ್ನು ಕೇಳುವ ಅದೇ ಮುದ್ದಿನ ದನಿ ಮಾಡಿಕೊಂಡು (ಅದು ಅವನ ಗಂಟಲಿಗೆ ಇರುಸುಮುರುಸಾಗಿ ಕೂತಿತು) "ಹಂಗಾದ್ರೆ ಈಗ ಕೇಳ್ತಿದೀನಿ. ಹೇಳು ಪುಟ್ಟಿ, ಅಮ್ಮಾವ್ರ ಮನೆ ಯಾವ ಬೀದೀಲಿದೆ?" ಎಂದ. ಗುಬ್ಬಿ ತಿರುಗಿ ಅವನ ಮುಖವನ್ನು ನೋಡಿದಳು. ಟೀಚರಿನ ಮುಖವನ್ನು ನೋಡಿದ ನೋಟವೇ ಅದು. ಏನಾಗಿದೆ ಇವರಿಗೆ, ಎನ್ನುವ ನೋಟ. "ನಿಂಗೆ ಗೊತ್ತಿದೆಯಲ್ಲಪ್ಪ" ಎಂದಳು. "ಗೊತ್ತಿರೋದನ್ನ ಯಾಕೆ ಕೇಳ್ತೀಯ? ಮಿಸ್ಸೂ ಹಂಗೇ. ಅವ್ರ ಹತ್ರ ಪುಸ್ತಕ ಇದೆ, ಗೋಳ ಇದೆ, ಎಲ್ಲಾ ಗೊತ್ತು. ನಮ್ಮನ್ನ ಕೇಳ್ತಾರೆ." ಈ ಸಲ ಅಮ್ಮಾವ್ರೂ ನಕ್ಕುಬಿಟ್ಟರು, ಪ್ರೀತಿಯಿಂದಲೇ. "ಎಂಥಾ ಮಾತಾಡ್ತಾಳೆ ನೋಡಿ! ಇದನ್ನೇ ಅಲ್ಲಿ ಆಡಿದ್ರೆ ಆಗ್ತಿರಲಿಲ್ವಾ?" ಅವನೂ ನಗುವ ಪ್ರಯತ್ನ ಮಾಡಿದ. ಮುಂದಿನ ಅಡ್ಡರಸ್ತೆಯಲ್ಲಿ ಗಾಡಿ ತಿರುಗಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಬಂದ.

ಅವರನ್ನು ಮನೆಯ ಮುಂದೆ ಇಳಿಸಿದ. ಅಮ್ಮಾವ್ರು ಇಳಿದು, ಬಾಗಿಲು ಹಿಡಿದುಕೊಂಡೇ, "ಬೇಕಾದ್ರೆ ನಾನೊಂದು ಮಾತು ಹೇಳಿ ನೋಡ್ತೀನಿ" ಎಂದರು. ಆದರೆ ಅಷ್ಟರಲ್ಲಿ ಒಳಗಿನಿಂದ ಯಾರೋ ಅವರನ್ನು ಕರೆದರು, ಅವರು ಹೋದರು. ಆ ಮಾತು ಮರೆತುಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ನೆನಪಿಸಲು ತಾನು ಹೋಗುವವನಲ್ಲ ಎಂದೂ ಗೊತ್ತಿತ್ತು. ಗಾಡಿಯನ್ನು ಶೆಡ್ಡಿನೊಳಗೆ ತಂದು ನಿಲ್ಲಿಸಿದ. ಒಳಗೆ ತಂಪಿತ್ತು, ಪೆಟ್ರೋಲು ಮತ್ತು ಹಳೆಯ ಚಿಂದಿಬಟ್ಟೆಯ ವಾಸನೆಯಿತ್ತು. ಹಿಂದಿನ ಸೀಟು ಖಾಲಿಯಾಗಿತ್ತು. ಇಬ್ಬರೂ ಮುಂದೆ ನೋಡುತ್ತ ಕುಳಿತೇ ಇದ್ದರು. ಗೊತ್ತಿರುವುದನ್ನು ಕೇಳಬಾರದು. ಸರಿ, ಹಾಗಾದರೆ ತನಗೆ ಗೊತ್ತಿಲ್ಲದ್ದು ಏನಿದೆ ಎಂದು ಹುಡುಕಿದ. ಈ ಮಗುವಿನ ಬಗ್ಗೆ ಅವನಿಗೆ ಬಹಳ ಗೊತ್ತಿತ್ತು: ಜ್ವರ ಬಂದರೆ ಯಾವ ಮಗ್ಗುಲಿಗೆ ಮಲಗುತ್ತಾಳೆ, ಯಾವ ಕಾಲಿನ ಚಪ್ಪಲಿಯ ಉಂಗುಷ್ಠ ಮೊದಲು ಕಿತ್ತುಹೋಗುತ್ತದೆ. ಸೀಟು ಸಿಕ್ಕಿದಾಗ, ಬಟ್ಟೆ ಹೊಲಿಸುವಾಗ, ಬೆಳಿಗ್ಗೆ ಮುಂದಿನ ಸೀಟಿಗೆ ಎತ್ತಿ ಕೂರಿಸುವಾಗ, ಇವತ್ತು ಟೀಚರಿನ ಎದುರಿಗೆ 'ನಿಮಗೆ ಸರಿ ಕಂಡಂಗೆ' ಎನ್ನುವಾಗ, ಒಂದನ್ನು ಮಾತ್ರ ಯಾವತ್ತೂ ಕೇಳಿರಲಿಲ್ಲ. ಕೇಳಬೇಕಾದದ್ದು ಎಂದೇ ತೋಚಿರಲಿಲ್ಲ.

"ಗುಬ್ಬೀ" ಎಂದ.  "ಇದು ನಂಗೆ ಗೊತ್ತಿಲ್ಲ, ಅದಕ್ಕೇ ಕೇಳ್ತಿದೀನಿ. ಆ ಕ್ಲಾಸಲ್ಲೇ ಇರ್ಬೇಕು ಅಂತ ನಿಂಗೆ ಆಸೆ ಇತ್ತಾ?"

ಅವಳು ತಡಮಾಡಲಿಲ್ಲ.

"ಇತ್ತಪ್ಪ" ಎಂದಳು. "ತುಂಬಾ ಇತ್ತು."

ಅವನು ಕಾದ, ಅವಳು ಇನ್ನೂ ಏನಾದರೂ ಹೇಳುತ್ತಾಳೇನೋ ಎಂದು. ಕೇಳಿದ್ದಷ್ಟಕ್ಕೆ ಉತ್ತರ ಹೇಳಿಯಾಗಿತ್ತು. ಗುಬ್ಬಿ ಬಾಗಿಲು ತೆರೆದು ಇಳಿದು, ಅವನು ಇಳಿಯುವುದನ್ನು ನೋಡುತ್ತ ಶೆಡ್ಡಿನ ಹೊರಗೆ ಬಿಸಿಲಿನಲ್ಲಿ ನಿಂತಳು.